ಲೆಕ್ಕಪತ್ರದಲ್ಲಿ ಕಾಣದ ಆಸ್ತಿ

ವ್ಯಾಪಾರದಲ್ಲಿ ಬಂಡವಾಳಕ್ಕಿಂತ ನಂಬಿಕೆ ದೊಡ್ಡದು ಎಂಬ ಮಾತು ವರ್ತಕ ಸಮುದಾಯಕ್ಕೆ ಹೊಸದಲ್ಲ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಒಂದು ಮಂಡಿಯ ಹೆಸರು ಬೆಳೆಯಲು ಹಿಂದೆ ವರ್ಷಗಳೇ ಬೇಕಾಗುತ್ತಿದ್ದವು. ಕೆಡಲೂ ಅಷ್ಟೇ ಕಾಲ ಹಿಡಿಯುತ್ತಿತ್ತು. ಇಂದು ಅಸಮಾಧಾನಗೊಂಡ ಗ್ರಾಹಕನು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಮೊಬೈಲಿನಲ್ಲಿ ಬರೆಯುವ ನಾಲ್ಕು ಸಾಲುಗಳು ಆ ಹೆಸರನ್ನು ಅಲುಗಾಡಿಸಬಲ್ಲವು. ಹೀಗಿದ್ದರೂ ಬಹಳಷ್ಟು ಸಣ್ಣ ಸಂಸ್ಥೆಗಳು ಸಾಮಾಜಿಕ ಜಾಲತಾಣವನ್ನು ಜಾಹೀರಾತು ಫಲಕವೆಂದೇ ಭಾವಿಸಿವೆ. ಹಬ್ಬದ ಶುಭಾಶಯ, ಹೊಸ ಸರಕಿನ ಚಿತ್ರ, ರಿಯಾಯಿತಿಯ ಪ್ರಕಟಣೆ ಹಾಕಿದರೆ ಕೆಲಸ ಮುಗಿಯಿತೆಂಬ ತೃಪ್ತಿ ಅಲ್ಲಿ ಕಾಣುತ್ತದೆ. ವಾಸ್ತವವಾಗಿ ಈ ತಾಣವು ಅಂಗಡಿಯ ಗಲ್ಲಾದ ಮುಂದಿನ ಜಾಗವಿದ್ದಂತೆ. ಅಲ್ಲಿಗೆ ಬಂದವನು ಪ್ರಶ್ನೆ ಕೇಳುತ್ತಾನೆ, ಉತ್ತರಕ್ಕಾಗಿ ಕಾಯುತ್ತಾನೆ.

ವಿವರಣೆ ತಡವಾದರೆ ಆಗುವ ನಷ್ಟಕ್ಕೆ ಹೆಬ್ಬಾಳದ ರಸ್ತೆಯೇ ನಿದರ್ಶನ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಸುಮಾರು 1,791 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಿಸಲು ರಾಜ್ಯ ಸಚಿವ ಸಂಪುಟವು 2016ರಲ್ಲಿ ಒಪ್ಪಿಗೆ ನೀಡಿತು. ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಲಿವೆ ಎಂಬ ಸಂಗತಿ ಜಾಲತಾಣಗಳಲ್ಲಿ ಹರಡಿತು. ಯೋಜನೆಯ ವಿವರಗಳನ್ನು ಮೊದಲೇ ಜನರ ಮುಂದಿಟ್ಟು ಚರ್ಚಿಸಲಿಲ್ಲ ಎಂಬುದು ವಿರೋಧಿಗಳ ಮುಖ್ಯ ಆಕ್ಷೇಪವಾಗಿತ್ತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಘೋಷಣೆ ಮೊಬೈಲಿನಿಂದ ಬೀದಿಗೆ ಬಂದು, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು.

ಇದಕ್ಕೆ ಜಾಲತಾಣವೊಂದೇ ಕಾರಣವೆನ್ನಲಾಗದು. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಇತ್ತು, ರಾಜಕೀಯ ಆರೋಪಗಳೂ ಇದ್ದವು. ಮೇಲ್ಸೇತುವೆ ಬೇಕಿತ್ತೇ ಬೇಡವೇ ಎಂಬುದೂ ಇಲ್ಲಿಯ ವಿಷಯವಲ್ಲ. ಜನರ ಮನಸ್ಸಿನಲ್ಲಿ ಅಭಿಪ್ರಾಯ ಗಟ್ಟಿಯಾದ ಮೇಲೆ ಕೊಡುವ ವಿವರಣೆ, ಅದು ನಿಜವಾಗಿದ್ದರೂ, ಸಮಜಾಯಿಷಿಯಂತೆ ಕೇಳಿಸುತ್ತದೆ ಎಂಬುದಷ್ಟೇ ಇದರ ಪಾಠ. ಇದೇ ನಗರದ ಸಂಚಾರ ಪೊಲೀಸರು 2010ರಲ್ಲಿ ಫೇಸ್‌ಬುಕ್ ಪುಟ ತೆರೆದು ಸಾರ್ವಜನಿಕರ ದೂರುಗಳಿಗೆ ಅಲ್ಲಿಯೇ ಸ್ಪಂದಿಸತೊಡಗಿದ್ದು ಬೇರೊಂದು ದಾರಿಯನ್ನು ತೋರಿಸಿತು. ದಂಡ ವಿಧಿಸುವ ಇಲಾಖೆಯೂ ಮಾತನಾಡಿದರೆ ಜನ ಕೇಳುತ್ತಾರೆ.

ಸರ್ಕಾರ ಒಂದು ಯೋಜನೆಯನ್ನು ಕೈಬಿಟ್ಟು ಮತ್ತೊಂದನ್ನು ರೂಪಿಸಬಹುದು. ಆರ್.ಟಿ. ನಗರದ ಬೇಕರಿಗಾಗಲಿ ಯಲಹಂಕದ ಸಣ್ಣ ಕಾರ್ಖಾನೆಗಾಗಲಿ ಎರಡನೆಯ ಹೆಸರು ಇರುವುದಿಲ್ಲ. ಆದ್ದರಿಂದ ಅವು ಮೂರು ಶಿಸ್ತುಗಳನ್ನು ಪಾಲಿಸುವುದು ಅಗತ್ಯ.

ಮೊದಲನೆಯದು ಒಡೆತನ. ಸಂಸ್ಥೆಯ ಪುಟವನ್ನು ಯಾರೋ ಹುಡುಗನ ಸ್ವಂತ ಮೊಬೈಲ್ ಸಂಖ್ಯೆಯಲ್ಲಿ ತೆರೆದು, ಅವನು ಕೆಲಸ ಬಿಟ್ಟ ದಿನ ಪಾಸ್‌ವರ್ಡೂ ಅವನೊಡನೆ ಹೋಗುವುದು ಸಾಮಾನ್ಯವಾಗಿದೆ. ಬ್ಯಾಂಕ್ ಖಾತೆಯನ್ನು ನೌಕರನ ಹೆಸರಿನಲ್ಲಿ ಯಾರೂ ತೆರೆಯುವುದಿಲ್ಲ. ಜಾಲತಾಣದ ಖಾತೆಯೂ ಸಂಸ್ಥೆಯ ಸಂಖ್ಯೆ ಹಾಗೂ ಇ-ಮೇಲ್ ವಿಳಾಸದಲ್ಲಿದ್ದು, ಅದರ ಹೊಣೆ ಯಾರದೆಂಬುದು ಬರಹದಲ್ಲಿರಬೇಕು.

ಎರಡನೆಯದು ಉತ್ತರ. ದೂರು ಬಂದ ಮರುದಿನದೊಳಗೆ ಹೊಣೆಯುಳ್ಳವರೇ ಉತ್ತರಿಸಬೇಕು. ಇದಕ್ಕೆ ಪುರಸೊತ್ತು ಎಲ್ಲಿದೆ ಎಂದು ಕೇಳುವ ಮಾಲೀಕರೂ ರಾತ್ರಿ ನಗದು ತಾಳೆ ನೋಡದೆ ಬಾಗಿಲು ಹಾಕುವುದಿಲ್ಲ. ಅದರ ಜೊತೆಗೆ ಹದಿನೈದು ನಿಮಿಷ ಸಾಕು. ಹಗೆತನದ ಸುಳ್ಳು ದೂರುಗಳೂ ಬರುತ್ತವೆ ಎಂಬುದು ನಿಜ. ಅದಕ್ಕೂ ಮದ್ದು ಜಗಳವಲ್ಲ. ಬಿಲ್ಲಿನ ಸಂಖ್ಯೆ ಮತ್ತು ದಿನಾಂಕವನ್ನು ಖಾಸಗಿಯಾಗಿ ಕಳುಹಿಸುವಂತೆ ಕೋರುವ ಒಂದು ಸೌಜನ್ಯದ ಸಾಲು. ತಪ್ಪು ಸಂಸ್ಥೆಯದೇ ಆಗಿದ್ದರೆ ದೂರನ್ನು ಅಳಿಸಲು ಹೋಗಬಾರದು. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಉಜ್ಜಿ ಹಾಕುವುದಿಲ್ಲ, ತಿದ್ದುಪಡಿಯ ನಮೂದು ಬರೆಯಲಾಗುತ್ತದೆ. ಜಾಲತಾಣಕ್ಕೂ ಅದೇ ನಿಯಮ ಒಪ್ಪುತ್ತದೆ. ಅಳಿಸಿದ ದೂರಿನ ಚಿತ್ರ ಯಾರ ಮೊಬೈಲಿನಲ್ಲಾದರೂ ಉಳಿದೇ ಇರುತ್ತದೆ.

ಮೂರನೆಯದು ಸತ್ಯ. ಹಣ ಕೊಟ್ಟು ಹೊಗಳಿಕೆಯ ವಿಮರ್ಶೆಗಳನ್ನು ಬರೆಸುವ ದಂಧೆಗೆ ಸಣ್ಣ ವರ್ತಕರೂ ಮಾರುಹೋಗುತ್ತಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೂ ಅದನ್ನು ಅನುಮೋದಿಸಿದವರ ಮೇಲೂ 10 ಲಕ್ಷ ರೂಪಾಯಿಯವರೆಗೆ, ಮತ್ತೆ ತಪ್ಪೆಸಗಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗಾಗಿಯೇ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡದು ಮತ್ತೊಂದಿದೆ: ಒಂದು ಹೊಗಳಿಕೆ ಸುಳ್ಳೆಂದು ತಿಳಿದ ಗ್ರಾಹಕನು ಉಳಿದ ನಿಜವಾದ ಹೊಗಳಿಕೆಗಳನ್ನೂ ನಂಬುವುದಿಲ್ಲ.

ಸಂಸ್ಥೆಯು ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಲು ಲೆಕ್ಕಪತ್ರ ಮಾನಕ 26 ಅನುಮತಿಸುವುದಿಲ್ಲ. ಅದಕ್ಕೆ ಸವಕಳಿ ಬರೆಯುವಂತಿಲ್ಲ, ಕರಗಿಹೋದರೆ ನಷ್ಟವೆಂದು ತೋರಿಸಲೂ ಬರುವುದಿಲ್ಲ. ಲೆಕ್ಕಪರಿಶೋಧಕರು ಎಚ್ಚರಿಸಲಾಗದ ಈ ಒಂದು ಆಸ್ತಿಯನ್ನು ಮಾಲೀಕರೇ ಕಾಯಬೇಕಾಗಿದೆ. ನೂರು ಶುಭಾಶಯಗಳ ಬದಲು ಒಂದು ದೂರಿಗೆ ಪ್ರಾಮಾಣಿಕವಾಗಿ ಉತ್ತರಿಸುವುದರಿಂದ ಆ ಕಾಯಕವು ಇಂದೇ ಆರಂಭವಾಗಲಿ.