ಅಟ್ಟದ ಗಂಟು ವೈರಾಗ್ಯವಲ್ಲ



"ಈ ಲೋಕವೇ ಸ್ಥಿರವಲ್ಲ, ಕಾಗದಪತ್ರಗಳ ಚಿಂತೆ ನಮಗೇಕೆ?" ಎನ್ನುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಕೇಳುವುದಕ್ಕೆ ಇದು ವೈರಾಗ್ಯದ ನುಡಿಯಂತೆಯೇ ಇದೆ. ಆದರೆ ಹೀಗೆನ್ನುವವರ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಬೇಕು. ಹಳೆಯ ವಿದ್ಯುತ್ ಬಿಲ್ಲುಗಳು, ಮದುವೆಯ ಕರೆಯೋಲೆಗಳು, ತುಂಬಿಹೋದ ಪಾಸ್‌ಬುಕ್ಕುಗಳು. ಇವುಗಳ ನಡುವೆ ಎಲ್ಲಿಯೋ ಮನೆಯ ಮೂಲ ಕ್ರಯಪತ್ರ. ಯಾವುದನ್ನೂ ಬಿಡಲೊಲ್ಲದೆ ಎಲ್ಲವನ್ನೂ ತುಂಬಿಟ್ಟುಕೊಂಡು, ಅದರೊಳಗೆ ಏನಿದೆಯೆಂಬುದನ್ನೂ ಅರಿಯದಿರುವುದು ವೈರಾಗ್ಯವೇ? ಖಂಡಿತ ಅಲ್ಲ. ಅದು ಸಂಗ್ರಹದ ಮೋಹವೂ ಆಲಸ್ಯವೂ ಕೂಡಿದ ರೋಗ.

ಚಾಮರಾಜಪುರಂನಂತಹ ಹಳೆಯ ಬಡಾವಣೆಯಲ್ಲಿ ಇದು ಬರಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ತಾತನ ಹೆಸರಿನಲ್ಲಿಯೇ ಉಳಿದ ಮನೆಯಲ್ಲಿ ಮೊಮ್ಮಕ್ಕಳು ಬಾಳುವುದು ಇಂತಹ ಕಡೆ ಅಪರೂಪವಲ್ಲ. 2024ರಲ್ಲಿ ರಾಜ್ಯ ಸರ್ಕಾರವು ಆಸ್ತಿ ನೋಂದಣಿಗೆ ಇ-ಖಾತೆಯನ್ನು ಕಡ್ಡಾಯಗೊಳಿಸಿದ ಮೇಲೆ ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿ, ಮರಣ ಪ್ರಮಾಣಪತ್ರಗಳನ್ನು ಹುಡುಕುವ ಪ್ರಸಂಗ ಅನೇಕ ಮನೆಗಳಿಗೆ ಬಂದಿದೆ. ಹಣದ ಗತಿಯೂ ಹೀಗೆಯೇ. ಹತ್ತು ವರ್ಷ ಯಾರೂ ಕೇಳದ ಠೇವಣಿಯ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗಾಯಿಸುತ್ತವೆ. ವಾರಸುದಾರರು ಆಮೇಲೂ ಅದನ್ನು ಕೇಳಿ ಪಡೆಯಬಹುದು. ಆದರೆ ಹಣವಿದೆಯೆಂದು ತಿಳಿದಿದ್ದರಲ್ಲವೇ ಕೇಳುವುದು? ಇಂತಹ ಠೇವಣಿಗಳನ್ನು ಹುಡುಕಲೆಂದೇ ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನು ತೆರೆಯಬೇಕಾಯಿತು.

ಗಂಟು ಕಟ್ಟಿಟ್ಟರೆ ರಕ್ಷಿಸಿದಂತಾಯಿತೆಂಬ ಭ್ರಮೆಗೆ ನಮ್ಮ ಸಾಹಿತ್ಯದ ಇತಿಹಾಸವೇ ಉತ್ತರ ಹೇಳುತ್ತದೆ. ವಿಜಾಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ವಚನಗಳನ್ನು ಅರಸಿ ಹೊರಟಾಗ ತಾಡೋಲೆಗಳು ನಾಶವಾಗಿರಲಿಲ್ಲ. ಮನೆಮನೆಗಳಲ್ಲಿ ಬಟ್ಟೆ ಸುತ್ತಿಸಿಕೊಂಡು ಪೂಜೆಗೊಳ್ಳುತ್ತಿದ್ದವು. ಪೂಜೆ ನಡೆಯುತ್ತಿತ್ತು, ಓದು ನಿಂತಿತ್ತು. ಅವರು ಅವನ್ನು ಬಿಚ್ಚಿ, ಓದಿ, ವಿಂಗಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದ ಮೇಲೆಯೇ ವಚನಗಳು ಮತ್ತೆ ನಾಡಿನ ಸೊತ್ತಾದವು. ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದೂ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗಳಲ್ಲಿಯೇ. ಬಿಚ್ಚಿ ಓದುವವರ ಕೈಸೇರದಿದ್ದರೆ ಆ ಗ್ರಂಥ ಇದ್ದೂ ಇಲ್ಲದಂತೆಯೇ ಇರುತ್ತಿತ್ತು.

ಆದುದರಿಂದಲೇ, "ಎಲ್ಲವನ್ನೂ ಎಸೆದುಬಿಡಿ, ಮನೆ ಹಗುರಾಗುತ್ತದೆ" ಎಂಬ ಈಚಿನ ಉಪದೇಶವನ್ನೂ ಒಪ್ಪಲಾಗದು. ನೋಡದೆ ಇಡುವುದು ಎಷ್ಟು ತಪ್ಪೋ ನೋಡದೆ ಎಸೆಯುವುದೂ ಅಷ್ಟೇ ತಪ್ಪು. "ಎಲ್ಲವೂ ಮೊಬೈಲಿನಲ್ಲಿದೆ" ಎಂಬ ಸಮಾಧಾನವೂ ಪೂರ್ಣ ನಿಜವಲ್ಲ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಚಾಲನಾ ಪರವಾನಗಿ ದೊರೆತೀತು. ತಾತನ ಕಾಲದ ಕೈಬರಹದ ವಿಭಾಗಪತ್ರ ದೊರೆಯದು.

ಇನ್ನು ಕಟುವಾದರೂ ಹೇಳಲೇಬೇಕಾದ ಮಾತೊಂದಿದೆ. ಎಷ್ಟೋ ಮನೆಗಳಲ್ಲಿ ಕಾಗದಗಳ ಬೀರುವಿನ ಕೀಲಿಕೈ ಇರುವುದು ಯಜಮಾನನೊಬ್ಬನ ಬಳಿ. "ಅವಳಿಗೇಕೆ ಈ ತಾಪತ್ರಯ?" ಎಂಬುದು ಆತನ ಸಮರ್ಥನೆ. ಆತ ಕಣ್ಮುಚ್ಚಿದ ಮೇಲೆ, ಕುಟುಂಬ ಪಿಂಚಣಿಯ ಆದೇಶ ಯಾವುದು, ವಿಮೆಯ ಪತ್ರ ಎಲ್ಲಿದೆ, ಸಾಲ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳ ಮುಂದೆ ಒಂಟಿಯಾಗಿ ನಿಲ್ಲುವವಳು ಆ ತಾಯಿಯೇ. ಇದನ್ನು ಪ್ರೀತಿಯೆನ್ನಬಹುದೇ? ತಿಳಿವಳಿಕೆಯನ್ನು ಬಚ್ಚಿಡುವುದು ರಕ್ಷಣೆಯಲ್ಲ, ಅಧಿಕಾರ. ಹೆಣ್ಣಿಗೆ ಅನುಭವ ಮಂಟಪದಲ್ಲಿ ಸಮಾನ ಪೀಠವಿತ್ತೆಂದು ವೇದಿಕೆಯ ಮೇಲೆ ಹೆಮ್ಮೆಪಡುವವರು ಸ್ವಂತ ಮನೆಯ ಬೀರುವಿನ ಮುಂದೆ ಅದನ್ನು ಮರೆಯುವುದು ಎಂತಹ ವಿಪರ್ಯಾಸ!

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಂದಿಗೂ ಕಳೆಯಬಾರದ ಕ್ರಯಪತ್ರ, ವಿಭಾಗಪತ್ರ, ಉಯಿಲು, ಜನನ-ಮರಣ-ವಿವಾಹದ ಪ್ರಮಾಣಪತ್ರ, ಅಂಕಪಟ್ಟಿಗಳು ಒಂದು ಕಟ್ಟು. ಕೆಲವು ವರ್ಷ ಮಾತ್ರ ಬೇಕಾಗುವ ಆದಾಯ ತೆರಿಗೆ, ಬ್ಯಾಂಕು, ಆಸ್ಪತ್ರೆಯ ಕಾಗದಗಳು ಇನ್ನೊಂದು. ಉಳಿದುದನ್ನು ಹರಿದು ಹಾಕಿ. ಆಧಾರ್ ಪ್ರತಿಗಳನ್ನು ಇಡಿಯಾಗಿ ರದ್ದಿಯವನ ಕೈಗೆ ಕೊಡಬೇಡಿ. ನೋಂದಾಯಿತ ಪತ್ರ ಕಳೆದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಅದರ ಸಂಖ್ಯೆ, ವರ್ಷಗಳನ್ನು ಬರೆದಿಟ್ಟಿದ್ದರೆ ಹುಡುಕಾಟ ಸುಲಭ. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದು ಎಲ್ಲಿದೆ ಎಂಬುದನ್ನು ಒಂದೇ ಹಾಳೆಯಲ್ಲಿ, ಮನೆಯವರೆಲ್ಲ ಓದಬಲ್ಲ ಕನ್ನಡದಲ್ಲಿ ಬರೆದು, ಮಡದಿಗೂ ಮಕ್ಕಳಿಗೂ ತೋರಿಸಿ.

ಇದು ಲೌಕಿಕದ ಕೀಳು ಕೆಲಸವೆಂದು ಮೂಗು ಮುರಿಯುವವರು ಒಂದನ್ನು ನೆನೆಯಲಿ: ಪರಂಪರೆ ಹೇಳುವಂತೆ, ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಲೆಕ್ಕ ಬರೆದವರು. ಲೆಕ್ಕ ಶುದ್ಧವಾಗಿಡುವುದೂ ಕಾಯಕವೇ. ನಾವು ಹೊರಟ ಮೇಲೆ ಉಳಿದವರು ಕಚೇರಿಯಿಂದ ಕಚೇರಿಗೆ ಅಲೆಯುವಂತಾದರೆ, ನಮ್ಮ ವೈರಾಗ್ಯದ ಸಾಲವನ್ನು ತೀರಿಸುತ್ತಿರುವವರು ಅವರೇ ಅಲ್ಲವೇ?