ಛಾಯಾಚಿತ್ರದ ತಿದ್ದುಪಡಿ: ಸಂಸ್ಕಾರವೋ, ಕೂಟಲೇಖವೋ?

ಚಿತ್ರಕಾರನು ಬರೆದ ಚಿತ್ರವನ್ನು ಕಂಡವರು ಅವನ ಕೈಚಳಕವನ್ನು ಮೆಚ್ಚುತ್ತಾರೆ. ಛಾಯಾಚಿತ್ರವನ್ನು ಕಂಡವರಾದರೋ ‘ಇದು ಹೀಗೆಯೇ ಇತ್ತು’ ಎಂದು ನಂಬುತ್ತಾರೆ. ಈ ನಂಬಿಕೆಯು ಕ್ಯಾಮೆರಾ ಹಿಡಿದವನ ಸ್ವಂತ ಆಸ್ತಿಯಲ್ಲ. ನೋಡುವವನು ಅವನಲ್ಲಿ ಇರಿಸಿದ ಠೇವಣಿ. ಆದರೆ ಹವ್ಯಾಸಿ ಛಾಯಾಗ್ರಾಹಕರಲ್ಲಿಯೂ ಮುದ್ರಣಾಲಯದ ವಿನ್ಯಾಸಕಾರರಲ್ಲಿಯೂ ಇಂದು ಒಂದು ವಾದ ಬೇರೂರಿದೆ: “ತಿದ್ದುವುದು ಹೊಸದೇನಲ್ಲ, ಎಲ್ಲರೂ ತಿದ್ದುತ್ತಾರೆ, ಅಂದ ಹೆಚ್ಚಿದರೆ ಯಾರಿಗೇನು ನಷ್ಟ?” ಈ ವಾದವು ಅರ್ಧಸತ್ಯ. ಆದುದರಿಂದಲೇ ಅದು ಪೂರ್ಣ ಅಸತ್ಯಕ್ಕಿಂತ ಅಪಾಯಕಾರಿ.

ಅದರ ಸತ್ಯಾಂಶವನ್ನು ಮೊದಲು ಒಪ್ಪಬೇಕು. ಫಿಲ್ಮಿನ ಕಾಲದ ಕತ್ತಲೆಕೋಣೆಯಲ್ಲಿಯೂ ಕಾಗದದ ಮೇಲೆ ಬೀಳುವ ಬೆಳಕನ್ನು ಅಂಗೈಯಿಂದ ತಡೆದು ಒಂದೆಡೆ ತಿಳಿಗೊಳಿಸುವುದು, ಮತ್ತೊಂದೆಡೆ ಹೆಚ್ಚು ಹೊತ್ತು ಬಿಟ್ಟು ಗಾಢಗೊಳಿಸುವುದು ರೂಢಿಯಲ್ಲಿತ್ತು. ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿ, ೧೯೯೦ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಫೋಟೋಶಾಪ್ ಈ ಕೆಲಸವನ್ನು ಗಣಕಯಂತ್ರದಲ್ಲಿ ಸುಲಭಗೊಳಿಸಿತು. ‘ಲೆವೆಲ್ಸ್’, ‘ಕರ್ವ್ಸ್’ ಎಂಬ ಸಾಧನಗಳು ನೆರಳು ಬೆಳಕುಗಳ ಅಂತರವನ್ನು ಸರಿಪಡಿಸುತ್ತವೆ. ‘ವೈಟ್ ಬ್ಯಾಲೆನ್ಸ್’ ದೀಪದ ಹಳದಿ ಛಾಯೆಯನ್ನು ಕಳೆದು ಬಿಳಿಯ ವಸ್ತ್ರವನ್ನು ಬಿಳಿಯಾಗಿಯೇ ತೋರಿಸುತ್ತದೆ. ಇಲ್ಲಿ ಮಸೂರದ ಮುಂದೆ ಇಲ್ಲದಿದ್ದುದು ಸೇರುವುದಿಲ್ಲ, ಇದ್ದುದು ಹೋಗುವುದಿಲ್ಲ. ಇದು ಸಂಸ್ಕಾರ. ಇದನ್ನೇ ದೋಷವೆನ್ನುವುದು ಅಜ್ಞಾನ.

ಹಾಗೆಂದು ಬೆಳಕಿನ ತಿದ್ದುಪಡಿಯೆಲ್ಲವೂ ನಿರ್ದೋಷವೆಂದು ತಿಳಿಯಬಾರದು. ೧೯೯೪ರ ಜೂನ್‌ನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯು ಕೊಲೆ ಆಪಾದಿತ ಓ. ಜೆ. ಸಿಂಪ್ಸನ್‌ನ ಪೊಲೀಸ್ ಚಿತ್ರವನ್ನು ಕಪ್ಪಾಗಿಸಿ ಮುಖಪುಟದಲ್ಲಿ ಮುದ್ರಿಸಿತು. ಅದೇ ವಾರ ‘ನ್ಯೂಸ್‌ವೀಕ್’ ಅದೇ ಚಿತ್ರವನ್ನು ಇದ್ದಂತೆಯೇ ಮುದ್ರಿಸಿತ್ತು. ಎರಡನ್ನೂ ಅಕ್ಕಪಕ್ಕದಲ್ಲಿ ಕಂಡ ಜನರಿಗೆ, ನ್ಯಾಯಾಲಯಕ್ಕಿಂತ ಮುಂಚೆ ತೀರ್ಪು ಕೊಡಲು ಹೊರಟವರು ಯಾರೆಂಬುದು ತಿಳಿಯದೆ ಹೋಗಲಿಲ್ಲ.

ವಸ್ತುವನ್ನೇ ಬದಲಿಸುವುದು ಇನ್ನೂ ಮುಂದಿನ ಹೆಜ್ಜೆ. ೧೯೮೨ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು ಮುಖಪುಟದ ಅಳತೆಗೆ ಹೊಂದಿಸುವುದಕ್ಕಾಗಿ ಈಜಿಪ್ಟಿನ ಪಿರಮಿಡ್ಡುಗಳನ್ನು ಹತ್ತಿರ ಸರಿಸಿತು. ೨೦೦೬ರಲ್ಲಿ ಬೈರೂತ್ ನಗರದ ಮೇಲಿನ ಯುದ್ಧದ ಹೊಗೆಯನ್ನು ನಕಲು ಮಾಡಿ ಹೆಚ್ಚಿಸಿದ ಚಿತ್ರವೊಂದು ರಾಯಿಟರ್ಸ್ ಸಂಸ್ಥೆಯ ಮೂಲಕ ಪ್ರಕಟವಾಯಿತು. ಮೋಸ ಬಯಲಾದಾಗ ಆ ಸಂಸ್ಥೆಯು ಅದೇ ಛಾಯಾಗ್ರಾಹಕನ ೯೨೦ ಚಿತ್ರಗಳನ್ನೂ ಹಿಂತೆಗೆದುಕೊಂಡಿತು. ‘ಯಾರಿಗೇನು ನಷ್ಟ’ ಎನ್ನುವವರಿಗೆ ಇಲ್ಲಿಯೇ ಉತ್ತರವಿದೆ. ಒಂದು ಸುಳ್ಳು ನಮೂದು ಸಿಕ್ಕಿದ ಖಾತೆಯಲ್ಲಿ ಉಳಿದ ಪುಟಗಳನ್ನು ಯಾವ ಲೆಕ್ಕ ಪರಿಶೋಧಕನು ನಂಬುತ್ತಾನೆ?

ವ್ಯಾಪಾರಿಗಳಿಗೆ ತಿದ್ದುಪಡಿಯ ಧರ್ಮ ಹೊಸದಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಅಂಕಿಯನ್ನು ಕೆರೆದು ಅಳಿಸುವುದಿಲ್ಲ. ಹಳೆಯದು ಕಾಣುವಂತೆ ಗೆರೆ ಎಳೆದು ಸಹಿ ಹಾಕುತ್ತಾರೆ, ಇಲ್ಲವೇ ಪ್ರತ್ಯೇಕ ತಿದ್ದುಪಡಿ ನಮೂದು ಬರೆಯುತ್ತಾರೆ. ಛಾಯಾಚಿತ್ರದಲ್ಲಿಯೂ ಇದು ಸಾಧ್ಯ. ‘ಅಡ್ಜಸ್ಟ್‌ಮೆಂಟ್ ಲೇಯರ್’ ಬಳಸಿದರೆ ತಿದ್ದುಪಡಿಯು ಮೇಲಿನ ಪದರದಲ್ಲಿದ್ದು, ಮೂಲಚಿತ್ರವು ಕೆಳಗೆ ಅಕ್ಷತವಾಗಿರುತ್ತದೆ. ಹಣವಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ: ೧೯೯೬ರಿಂದ ದೊರೆಯುತ್ತಿರುವ ‘ಗಿಂಪ್’ ಉಚಿತ, ‘ಡಾರ್ಕ್‌ಟೇಬಲ್’, ‘ರಾಥೆರಪಿ’ ತಂತ್ರಾಂಶಗಳೂ ಉಚಿತ, ಮೇಲಾಗಿ ಅವು ಮೂಲ ಕಡತವನ್ನು ಮುಟ್ಟದೆ ತಿದ್ದುಪಡಿಯ ವಿವರವನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತವೆ. ಅನ್ಯರ ಚಿತ್ರವನ್ನು ಬಳಸುವವರಿಗೆ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಗಳಿವೆ. ಅವುಗಳಲ್ಲಿ ‘ಸಿಸಿ ಬೈ ೪.೦’ ಎಂಬುದು ಕರ್ತೃವಿನ ಹೆಸರನ್ನಷ್ಟೇ ಕೇಳುವುದಿಲ್ಲ. ಚಿತ್ರವನ್ನು ಬದಲಿಸಿದ್ದರೆ ಅದನ್ನೂ ತಿಳಿಸಬೇಕೆನ್ನುತ್ತದೆ. ಲೌಕಿಕ ಪರವಾನಗಿಗೇ ಇಷ್ಟು ಎಚ್ಚರವಿರುವಾಗ ಶ್ರಾವಕರಿಗೆ ಎಷ್ಟಿರಬೇಕು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ತತ್ತ್ವಾರ್ಥಸೂತ್ರವು ಎಣಿಸಿದೆ. ಮೊದಲನೆಯದು ಸುಳ್ಳು ದಾಖಲೆ, ಎರಡನೆಯದು ಠೇವಣಿಯ ಅಪಹರಣ. ಹೇಳದೆ ಬದಲಿಸಿದ ಛಾಯಾಚಿತ್ರವು ಎರಡೂ ಆಗಿದೆ.

ಈ ಮಾತು ದೂರದ ಪತ್ರಿಕೆಗಳಿಗಷ್ಟೇ ಸಲ್ಲುವುದಲ್ಲ. ೨೦೨೩ರಲ್ಲಿ ಫೋಟೋಶಾಪ್‌ಗೆ ‘ಜನರೇಟಿವ್ ಫಿಲ್’ ಬಂದ ಮೇಲೆ, ಬೇಕಾದ ವಸ್ತುವನ್ನು ಪದಗಳಲ್ಲಿ ಬರೆದರೆ ಯಂತ್ರವೇ ಅದನ್ನು ಸೃಷ್ಟಿಸಿ ಚಿತ್ರದೊಳಗೆ ತುಂಬುತ್ತದೆ. ಸ್ಮರಣಸಂಚಿಕೆಗಾಗಿ ಸಮಾರಂಭಕ್ಕೆ ಬಾರದ ದಾನಿಯನ್ನು ಸಮೂಹಚಿತ್ರದಲ್ಲಿ ನಿಲ್ಲಿಸುವುದು ಈಗ ಕ್ಷಣದ ಕೆಲಸ. ಮಾಸಿದ ಹಳೆಯ ಭಾವಚಿತ್ರದ ಗೀರನ್ನು ಅಳಿಸುವುದು ಸೇವೆ. ಅಳಿದುಹೋದ ಕಣ್ಣುಗಳ ಜಾಗದಲ್ಲಿ ಯಂತ್ರವು ಊಹಿಸಿದ ಕಣ್ಣುಗಳನ್ನಿಟ್ಟು ‘ಇವರೇ ನಿಮ್ಮ ಮುತ್ತಜ್ಜ’ ಎಂದು ಮಕ್ಕಳಿಗೆ ತೋರಿಸುವುದು ಸೇವೆಯೇ? ಸವೆದ ಶಾಸನದ ಚಿತ್ರವನ್ನು ‘ಸ್ಪಷ್ಟ’ಗೊಳಿಸುವಾಗ ಯಂತ್ರವು ಕಲ್ಲಿನಲ್ಲಿಲ್ಲದ ಅಕ್ಷರವನ್ನು ಕೆತ್ತಿಬಿಟ್ಟರೆ, ಮುಂದಿನ ಸಂಶೋಧಕನು ಆ ಅಕ್ಷರವನ್ನೇ ಪ್ರಮಾಣವೆಂದು ಹಿಡಿಯುತ್ತಾನೆ. ಬಸದಿಯ ಇತಿಹಾಸವೇ ಹೀಗೆ ಕೆಡುತ್ತದೆ.

ಇದಕ್ಕೆ ಮಾರ್ಗವನ್ನು ಶಾಸನತಜ್ಞರೇ ತೋರಿಸಿದ್ದಾರೆ. ಅಳಿಸಿಹೋದ ಅಕ್ಷರಗಳಿಗೆ ಅವರು ಚುಕ್ಕೆಗಳನ್ನಿಡುತ್ತಾರೆ. ಊಹಿಸಿದ್ದನ್ನು ಕಂಸದೊಳಗೆ ಬರೆಯುತ್ತಾರೆ. ಅದರಿಂದ ಪಾಠಕ್ಕೆ ಅಂದ ಕಡಿಮೆಯಾದರೂ ನಂಬಿಕೆ ಕಡಿಮೆಯಾಗುವುದಿಲ್ಲ. ಟ್ರಸ್ಟುಗಳೂ ಕುಟುಂಬಗಳೂ ಇದೇ ನಿಯಮವನ್ನು ಪಾಲಿಸಲಿ. ಮೂಲಚಿತ್ರವನ್ನು ಪ್ರತ್ಯೇಕವಾಗಿ ಕಾಪಾಡಲಿ. ಸೇರಿಸಿದ್ದು, ತೆಗೆದದ್ದು, ಊಹಿಸಿದ್ದು ಏನೆಂಬುದನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಮುದ್ರಿಸಲಿ. ಹಾಗೆ ಮುದ್ರಿಸಲು ಸಂಕೋಚವಾಗುವಂಥ ತಿದ್ದುಪಡಿಯನ್ನು ಮಾಡದಿರಲಿ. ಬಸದಿಯ ಜಮಾಖರ್ಚನ್ನು ವರ್ಷಕ್ಕೊಮ್ಮೆ ಪರಿಶೋಧನೆಗೆ ಒಪ್ಪಿಸುವ ಟ್ರಸ್ಟು, ಬಸದಿಯ ಚಿತ್ರದಲ್ಲಿಯೂ ಅದೇ ಶುದ್ಧಿಯನ್ನು ಬಯಸುವುದು ನ್ಯಾಯ.