ಗಡಿ ದಾಟದ ರುಜು

ಕಳೆದ ಭಾನುವಾರ ಬೆಳಿಗ್ಗೆ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದೆ. ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರು ಕಾಗದಪತ್ರಗಳ ಚೀಲವೊಂದನ್ನು ಹಿಡಿದು ಒಳಗೆ ಬಂದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಬಿ.ಕಾಂ. ತರಗತಿಯಲ್ಲಿ ನನ್ನ ಕನ್ನಡ ಪಾಠವನ್ನು ಸಹಿಸಿಕೊಂಡು, ಅನಂತರ ಮೂರನೆಯ ಯತ್ನದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯನ್ನು ಗೆದ್ದವನು. ಈಗ ಲಂಡನ್ನಿನ ಕಂಪನಿಯೊಂದು ಅವನನ್ನು ಕೆಲಸಕ್ಕೆ ಕರೆದಿದೆ. ಸಂತೋಷದ ಸಮಾಚಾರವೇ, ಆದರೆ ಹಿರಿಯರ ಮುಖ ಗಂಟಿಕ್ಕಿತ್ತು.

“ನೋಡಿ ಮೇಷ್ಟ್ರೇ, ಅಲ್ಲಿ ಕಾಲಿಟ್ಟರೆ ನಮ್ಮ ಹುಡುಗ ಚಾರ್ಟರ್ಡ್ ಅಕೌಂಟೆಂಟೇ ಅಲ್ಲವಂತೆ! ಆ ಹೆಸರು ಬೇಕಾದರೆ ಅಲ್ಲಿಯ ಸಂಸ್ಥೆಯನ್ನು ಸೇರಬೇಕಂತೆ, ಮತ್ತೆ ಪರೀಕ್ಷೆ ಬರೆಯಬೇಕಾಗಬಹುದಂತೆ. ಮೂರು ಸಲವೂ ಫಲಿತಾಂಶದ ಹಿಂದಿನ ರಾತ್ರಿ ನಾನೂ ಅವನ ತಾಯಿಯೂ ಕಣ್ಣು ಮುಚ್ಚಿದವರಲ್ಲ. ಅದೆಲ್ಲ ವಿಮಾನ ಹತ್ತಿದ ಕೂಡಲೇ ನೀರಿನಲ್ಲಿ ಹೋಮವಾಯಿತೇ?”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಅವರೇ ಅಭಿಮಾನದಿಂದ, “ನಮ್ಮ ತಾತ ಶಾನುಭೋಗರು. ಅವರ ರುಜು ಬಿದ್ದ ಲೆಕ್ಕವನ್ನು ಅಮಲ್ದಾರರೂ ಎರಡನೆಯ ಸಲ ನೋಡುತ್ತಿರಲಿಲ್ಲ” ಎಂದರು.

“ಅವರು ಪಕ್ಕದ ಗ್ರಾಮದ ಲೆಕ್ಕಕ್ಕೂ ರುಜು ಹಾಕುತ್ತಿದ್ದರೇ?” ಎಂದು ಕೇಳಿದೆ.

“ಅದು ಹೇಗಾದೀತು? ಅಲ್ಲಿಗೆ ಬೇರೆ ಶಾನುಭೋಗರು” ಎಂದವರು, ತಮ್ಮ ಮಾತು ತಮಗೇ ತಾಗಿದಂತೆ ಸುಮ್ಮನಾದರು.

ಓದುಗ ಮಹಾಶಯರೇ, ಇಡೀ ವಿಷಯದ ತಿರುಳು ಇದರಲ್ಲಿಯೇ ಇದೆ. ಲೆಕ್ಕಿಗನ ಬಳಿ ಇರುವುದು ಎರಡು ಸೊತ್ತು. ಒಂದು ವಿದ್ಯೆ, ಮತ್ತೊಂದು ಅಧಿಕಾರ. ವಿದ್ಯೆಗೆ ರಹದಾರಿ ಬೇಡ. ವೆನಿಸ್ ನಗರದಲ್ಲಿ 1494ರಲ್ಲಿ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ವಿವರಿಸಿದ ಜಮಾ-ಖರ್ಚಿನ ಇಬ್ಬದಿಯ ಪದ್ಧತಿಯೇ ಇಂದು ಬೆಂಗಳೂರಿನಲ್ಲಿಯೂ ಲಂಡನ್ನಿನಲ್ಲಿಯೂ ನಡೆಯುತ್ತಿದೆ. ಆದರೆ ಕಂಪನಿಯೊಂದರ ಲೆಕ್ಕವನ್ನು ಶೋಧಿಸಿ, ‘ಇದು ಸರಿಯಾಗಿದೆ’ ಎಂದು ಲೋಕದ ಮುಂದೆ ರುಜು ಹಾಕುವ ಅಧಿಕಾರವನ್ನು ಕೊಡುವುದು ಆಯಾ ದೇಶದ ಕಾನೂನು. ತೆರಿಗೆಯ ನಿಯಮ ಬೇರೆ, ಕಂಪನಿಯ ಶಾಸನ ಬೇರೆ. ತಪ್ಪಿದರೆ ವಿಚಾರಣೆಗೆ ಕರೆಯುವವರೂ ಬೇರೆ. ಆ ರುಜುವನ್ನು ನಂಬಿ ಹಣ ಹೂಡುವವನು ಅಲ್ಲಿಯ ಪ್ರಜೆ.

ಇದರಲ್ಲಿ ಅವಮಾನವಿದೆಯೇ? ಹಿಂದೆ ಇತ್ತೆಂದೇ ಹೇಳಬೇಕು. ಬ್ರಿಟಿಷರ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಸಂಸ್ಥೆಗಳ ಪದವಿಗೆ ಇಲ್ಲಿ ರಾಜಮರ್ಯಾದೆ. ನಮ್ಮವರಿಗೆ ಸರ್ಕಾರದ ಪ್ರಮಾಣಪತ್ರ ಬೇಕಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಶಾಸನವಾಗಿ, 1949ರ ಜುಲೈ 1ರಂದು ನಮ್ಮದೇ ಸಂಸ್ಥೆ ಹುಟ್ಟಿತು. ಆ ಶಾಸನದ 29ನೆಯ ವಿಧಿಯನ್ನು ಗಮನಿಸಬೇಕು. ಯಾವ ದೇಶವು ಭಾರತೀಯರನ್ನು ಈ ವೃತ್ತಿಯಿಂದ ಅನ್ಯಾಯವಾಗಿ ದೂರವಿಡುವುದೋ ಆ ದೇಶದ ಪ್ರಜೆಗೆ ಇಲ್ಲಿಯೂ ಸದಸ್ಯತ್ವವಿಲ್ಲವೆಂದು ಸಾರಬಹುದು; ಪರದೇಶದ ಪದವಿಯನ್ನು ಯಾವ ನಿಬಂಧನೆಗಳ ಮೇಲೆ ಒಪ್ಪಬೇಕೆಂಬುದನ್ನು ನಮ್ಮ ಸಂಸ್ಥೆಯೇ ಗೊತ್ತುಮಾಡಬಹುದು. ಬೇಲಿಯನ್ನು ನಾವೂ ಹಾಕಿದ್ದೇವೆ. ನೆರೆಯವನ ಬೇಲಿಗೆ ಮುನಿಯುವುದು ನ್ಯಾಯವಲ್ಲ.

ಬೇಲಿಯಿದ್ದಲ್ಲಿ ಬಾಗಿಲೂ ಉಂಟು. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಮೊದಲಾದ ದೇಶಗಳ ಸಂಸ್ಥೆಗಳೊಡನೆ ನಮ್ಮ ಸಂಸ್ಥೆ ಬೇರೆ ಬೇರೆ ಕಾಲದಲ್ಲಿ ಒಪ್ಪಂದ ಮಾಡಿಕೊಂಡಿದೆ. ಇಂಗ್ಲೆಂಡಿನೊಡನೆ ಆದದ್ದು 2008ರಲ್ಲಿ. ಇವುಗಳ ಫಲವಾಗಿ ಓದಿದ್ದನ್ನೆಲ್ಲ ಮೊದಲಿನಿಂದ ಓದಬೇಕಾಗಿಲ್ಲ. ಅನೇಕ ವಿಷಯಗಳಿಗೆ ವಿನಾಯಿತಿ ದೊರೆಯುತ್ತದೆ. ನಿಬಂಧನೆಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಪರಿಚಿತರ ಮಾತನ್ನು ನಂಬದೆ ಎರಡೂ ಸಂಸ್ಥೆಗಳನ್ನು ನೇರವಾಗಿ ಕೇಳುವುದು ವಿವೇಕ. ಅಮೆರಿಕದ ದಾರಿ ಬೇರೆ. ಅಲ್ಲಿ ಪರೀಕ್ಷೆ ಒಂದೇ ಆದರೂ ಪರವಾನಗಿ ಕೊಡುವುದು ಒಂದೊಂದು ರಾಜ್ಯ. ಆ ಪರೀಕ್ಷೆಯನ್ನು 2020ರಿಂದ ಭಾರತದಲ್ಲಿಯೇ ಬರೆಯಬಹುದಾಗಿದೆ.

ಇದಕ್ಕೂ ಮೊದಲು ಒಂದು ಪ್ರಶ್ನೆಯುಂಟು: ಹುಡುಗನಿಗೆ ಬೇಕಾಗಿರುವುದು ಕೆಲಸವೋ, ರುಜುವೋ? ಲಂಡನ್ನಿನ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ದುಡಿಯಲು ಅಲ್ಲಿಯ ಸದಸ್ಯತ್ವವನ್ನು ಕಾನೂನು ಕೇಳುವುದಿಲ್ಲ. ಯಜಮಾನನು ಒಪ್ಪಿದರೆ ಸಾಕು. ಲೆಕ್ಕಪರಿಶೋಧಕನಾಗಿ ರುಜು ಹಾಕಬೇಕೆಂದರೆ ಮಾತ್ರ ಅಲ್ಲಿಯ ನೋಂದಣಿ ಬೇಕು. ಈ ಭೇದವನ್ನು ತಿಳಿಯದೆ ಕೆಲವರು ಬಂದ ಕೆಲಸವನ್ನು ಬಿಡುತ್ತಾರೆ, ಕೆಲವರು ಬೇಡದ ಪರೀಕ್ಷೆಗೆ ಹಣ ಕಟ್ಟುತ್ತಾರೆ.

ಇನ್ನೊಂದು ಎಚ್ಚರಿಕೆ. ಹೊಸ ಮನೆಯ ಸಂಭ್ರಮದಲ್ಲಿ ಹಳೆಯ ಮನೆಯ ಕಂದಾಯವನ್ನು ಮರೆಯಬಾರದು. ಇಲ್ಲಿಯ ವಾರ್ಷಿಕ ಶುಲ್ಕ ಕಟ್ಟದಿದ್ದರೆ ಸದಸ್ಯರ ಪಟ್ಟಿಯಿಂದ ಹೆಸರನ್ನು ತೆಗೆದುಹಾಕಬಹುದು. ಅಲ್ಲಿಯ ಸಂಸ್ಥೆ ಮೊದಲು ಕೇಳುವುದೇ, ‘ಈತನು ನಮ್ಮಲ್ಲಿ ಕಳಂಕವಿಲ್ಲದ ಸದಸ್ಯ’ ಎಂಬ ಇಲ್ಲಿಯ ಪತ್ರವನ್ನು. ತವರು ಒಪ್ಪದ ಮಗಳನ್ನು ಅತ್ತೆಮನೆ ಒಪ್ಪುವುದು ಕಷ್ಟ!

ಇಷ್ಟೆಲ್ಲ ಉಪದೇಶ ಮಾಡಿದ ಮೇಲೆ ನನಗೆ ನಗು ಬಂತು. “ರಾಯರೇ, ನಿಮ್ಮ ಮಗನ ಪದವಿಯನ್ನು ಅವರು ಪರೀಕ್ಷಿಸುವುದಾದರೂ ಉಂಟು. ನನ್ನ ಕನ್ನಡ ಎಂ.ಎ.ಯನ್ನು ಕೊಂಡುಹೋದರೆ ಪರೀಕ್ಷಿಸುವವರೂ ಸಿಕ್ಕಲಾರರು!” ಎಂದೆ. ಅವರ ಮುಖದ ಗಂಟು ಸಡಿಲಿತು. ಆಗಲೇ ಚೀಲದಿಂದ ಅರ್ಜಿಯೊಂದು ಹೊರಗೆ ಬಂತು. ನಿಜವಾಗಿ ಅವರು ನನ್ನಲ್ಲಿಗೆ ಬಂದದ್ದು ಅದಕ್ಕಾಗಿ. ಹುಡುಗನ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡೇ ಅಕ್ಷರಗಳು. ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣರೂಪ. ಎರಡೂ ಒಬ್ಬನದೇ ಹೆಸರೆಂದು ಪ್ರಮಾಣಪತ್ರ ಬರೆಯಬೇಕಾಗಿತ್ತು.

ಬರೆದೆವು. ಮೊದಲನೆಯ ಅಕ್ಷರ ಊರಿನದು, ಎರಡನೆಯದು ತಂದೆಯದು. ಹಿರಿಯರು ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. “ರುಜು ಇಲ್ಲಿಯೇ ಉಳಿದರೂ ಇವೆರಡು ಹೋಗುತ್ತವಲ್ಲ, ಮೇಷ್ಟ್ರೇ” ಎಂದು ಕಾಗದವನ್ನು ಮಡಿಸಿ ಚೀಲಕ್ಕೆ ಸೇರಿಸಿದರು.